ಮಾವನ ಮತ ಎಣಿಕೆ

ಅಮೆರಿಕದ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಯಲ್ಲಿ ಶುಕ್ರವಾರದಿಂದ ಟಿವಿ ರಿಮೋಟ್ ಫ್ರಿಜ್ ಮೇಲಿದೆ. ಇಟ್ಟವನು ನಾನೇ. ಮಾವ ನನಗೆ ಕಾಣದ ಹಾಗೆ ಇಳಿಸಿಕೊಳ್ಳುತ್ತಾರೆ, ನೋಡಿ ಮುಗಿದ ಮೇಲೆ ಅಲ್ಲೇ ಇಡುತ್ತಾರೆ.

ಮಾವ ದಾವಣಗೆರೆಯಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದವರು. ಎಣಿಸುವುದೆಂದರೆ ಪ್ರಾಣ. 2023ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಮಸೂದೆ ಸಮಿತಿಯಲ್ಲಿ 58–1ರಿಂದ ಪಾಸಾಯ್ತಲ್ಲ, ಆ ಒಂದು ವೋಟು ನಮ್ಮದೇ ಕ್ಷೇತ್ರದ ಡೆಮಾಕ್ರಟ್ ಸಂಸದ ರೋ ಖನ್ನಾ ಅವರದು ಅಂತ ಗೊತ್ತಾದಾಗಿನಿಂದ ಶುರು ಟಿವಿಯಲ್ಲಿ ವೋಟು ಎಣಿಸುವ ಈ ಕಾಟ. ಖರ್ಚು ಜಾಸ್ತಿಯಾಯ್ತು ಅನ್ನೋದು ಖನ್ನಾ ತಕರಾರು. ಮಾವ 886 ಬಿಲಿಯನ್ ಡಾಲರನ್ನು 82ರಿಂದ ಗುಣಿಸಿ, “ಅಳಿಯಂದ್ರೇ, 72 ಲಕ್ಷ ಕೋಟಿ!” ಎಂದು ಕೂಗಿದರು. ಇಲ್ಲಿ ಕಟಿಂಗ್ ದುಬಾರಿ ಅಂತ ಎರಡು ತಿಂಗಳಿಂದ ಕೂದಲು ಬಿಟ್ಟಿರುವ ಮನುಷ್ಯ. ನೋವಾಗಬೇಕಾದ್ದೇ.

ಜುಲೈ 14ಕ್ಕೆ ಮಸೂದೆ ಕೆಳಮನೆಯಲ್ಲಿ ಮತಕ್ಕೆ ಬಂತು. ಅಷ್ಟರಲ್ಲಿ ರಿಪಬ್ಲಿಕನ್ನರು, ಗರ್ಭಪಾತಕ್ಕೆ ಬೇರೆ ರಾಜ್ಯಕ್ಕೆ ಹೋಗುವ ಸೈನಿಕರಿಗೆ ಪ್ರಯಾಣದ ಖರ್ಚು ಕೊಡಬಾರದು ಅಂತೆಲ್ಲ ಸೇರಿಸಿಬಿಟ್ಟಿದ್ದರು. ಸೈನಿಕರಿಗೆ 5.2% ಸಂಬಳ ಏರಿಕೆಯೂ ಅದೇ ಗಂಟಿನಲ್ಲಿ. ಡೆಮಾಕ್ರಟರು ನಾಲ್ವರನ್ನು ಬಿಟ್ಟು ತಿರುಗಿಬಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ಜೂನ್‌ನಲ್ಲಿ ಅನ್ನಿಸಿಕೊಂಡ ಖನ್ನಾ ದಾರಿಗೆ ಅರ್ಧ ಊರೇ ಬಂತು.

ಆ ಹೊತ್ತಿಗೆ ಸರಿಯಾಗಿ ನನ್ನ ಮೀಟಿಂಗ್. ಎಷ್ಟು ಬಗ್ (ಸಾಫ್ಟ್‌ವೇರ್ ದೋಷ) ಬಾಕಿ ಇದೆ ಅಂತ ಮ್ಯಾನೇಜರ್ ಕೇಳಿದರು. ಹದಿನೇಳು ಅನ್ನೋಕೆ ಮೈಕ್ ಆನ್ ಮಾಡಿ ಬಾಯಿ ತೆರೆದೆ, ಅಷ್ಟೇ. ಹಿಂದಿನಿಂದ ನೋಟಿನ ಕಟ್ಟು ಎಣಿಸಿ ಮುಗಿಸಿದ ದನಿಯಲ್ಲಿ, “ಟೂ ನೈನ್‌ಟೀನ್!”

ಎಲ್ಲರೂ ಗಪ್‌ಚುಪ್. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಟೈಪ್ ಮಾಡತೊಡಗಿದರು. ನಾನು ಮ್ಯೂಟ್ ಬಟನ್ ಹುಡುಕುವಷ್ಟರಲ್ಲಿ ಮಾವ, “ಟೂ ಟೆನ್!”

“ಓ, ಒಂಬತ್ತು ಆಗಲೇ ಸರಿಹೋಯ್ತಾ?” ಅಂದರು ಮ್ಯಾನೇಜರ್, ಸ್ವಲ್ಪ ಖುಷಿಯಾಗಿಯೇ.

ಟಿವಿಯಲ್ಲಿ ಮಸೂದೆ 219–210ರಿಂದ ಪಾಸಾಗಿತ್ತು, ಅಷ್ಟೇ. ಈಗ ನಮ್ಮ ಟೀಮಿನ ಶೀಟಿನಲ್ಲಿ 210 ಬಗ್ ಇವೆ. ಇಲ್ಲದ 193 ಬಗ್ ಎಲ್ಲಿ ಹೋದವು ಅಂತ ಇವತ್ತು ಮಧ್ಯಾಹ್ನ ವಿವರಣೆ ಕೊಡಬೇಕು.

ಸಿಟ್ಟಿನಲ್ಲಿ, “ಅಷ್ಟೊತ್ತು ಟಿವಿ ಯಾಕೆ ಮಾವ?” ಅಂದೆ. ಇಲ್ಲಿ ಬೀದಿಯಲ್ಲಿ ಹೊತ್ತು ಕಳೆಯೋಕೆ ಯಾರಿದ್ದಾರೆ ಅಂದರು. ಆಮೇಲೆ ತಡೆದು, ಒಮ್ಮೆ ಸೈಟ್ ಸೊಸೈಟಿ ಸಭೆಯಲ್ಲಿ ತಾವೊಬ್ಬರೇ ಬೇಡ ಅಂತ ಕೈ ಎತ್ತಿದ್ದನ್ನು ಹೇಳಿದರು. “ಟೀ ತಟ್ಟೆ ನನ್ನ ಸಾಲು ಬಿಟ್ಟು ಮುಂದೆ ಹೋಯ್ತು ನೋಡಿ. ಖನ್ನಾಗೆ ಆವತ್ತು ಯಾರಾದರೂ ಟೀ ಕೊಟ್ಟರೋ ಇಲ್ವೋ.”

ನಾನು ಎದ್ದು ಟೀಗೆ ಇಟ್ಟೆ. ಲೋಟ ಕೈಗೆ ಬಂದ ಮೇಲೆ ಮೆಲ್ಲಗೆ ಕೇಳಿದರು, “ಸೆನೆಟ್‌ದು ಯಾವತ್ತು ಅಳಿಯಂದ್ರೇ? ಆವತ್ತು ನಿಮಗೆ ಮೀಟಿಂಗ್ ಇದೆಯಾ?”