ಕರುಣ್‌ಗೆ ಸಿಕ್ಕ ಅವಕಾಶ ಎಷ್ಟು?

‘ತ್ರಿಶತಕದ ನಂತರ ಸಿಕ್ಕ ಅವಕಾಶವನ್ನು ಕ್ರಿಕೆಟಿಗ ಕರುಣ್ ನಾಯರ್ ಬಳಸಿಕೊಳ್ಳಲಿಲ್ಲ’ ಅನ್ನೋ ಮಾತು ಒಪ್ಪಲು ಕಷ್ಟ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಅಜೇಯ 303. ಅದು ಅವರ ಮೂರನೇ ಟೆಸ್ಟ್ ಅಷ್ಟೇ. ಮುಂದಿನ ಟೆಸ್ಟ್‌ನಲ್ಲೇ ಹೊರಗೆ! ಗಾಯದಿಂದ ಮರಳಿದ ಬ್ಯಾಟರ್ ಅಜಿಂಕ್ಯ ರಹಾನೆಗೆ ಜಾಗ ಬೇಕಿತ್ತು, ಅದು ಸರಿ. ಆದರೆ ಬಿಟ್ಟದ್ದು ಮುನ್ನೂರು ಹೊಡೆದವನನ್ನೇ ಅಲ್ವಾ? ಆಮೇಲೆ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್‌ನಲ್ಲಿ ದೊಡ್ಡ ರನ್ ಬರಲಿಲ್ಲ, ನಿಜ. ಅದಕ್ಕೆ ಎಂಟು ವರ್ಷ ಒಂದೂ ಟೆಸ್ಟ್ ಆಡಿಸದ ಶಿಕ್ಷೆಯಾ? 2018ರ ಇಂಗ್ಲೆಂಡ್ ಪ್ರವಾಸದಲ್ಲಂತೂ ತಂಡದ ಜೊತೆಗಿದ್ದ ಕರುಣ್‌ರನ್ನು ಸುಮ್ನೆ ಕೂರಿಸಿ, ಸರಣಿಯ ನಡುವೆ ತಂಡಕ್ಕೆ ಬಂದ ಹನುಮ ವಿಹಾರಿಗೆ ಓವಲ್‌ ಟೆಸ್ಟ್‌ನಲ್ಲಿ ಪದಾರ್ಪಣೆಯ ಕ್ಯಾಪ್ ಕೊಟ್ಟರು. ವಿಹಾರಿ ಮೇಲೆ ನನಗೆ ಸಿಟ್ಟಿಲ್ಲ, ಆತ ಚೆನ್ನಾಗಿಯೇ ಆಡಿದ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ಹೊಡೆದ ಕರುಣ್‌ಗೆ ತಾಳ್ಮೆಯ ಪಾಠ ಬೇಕಿರಲಿಲ್ಲ. ಆಯ್ಕೆಗಾರರಿಗೆ ಬೇಕಿತ್ತು.