ಸ್ಪಷ್ಟನೆ: ಅರಲ್ ಸಮುದ್ರ ಪೂರ್ತಿ ತುಂಬಿಲ್ಲ

‘ಬತ್ತಿದ್ದ ಅರಲ್ ಸಮುದ್ರ ಮತ್ತೆ ತುಂಬಿದೆ, ಹಡಗುಗಳು ತೇಲುತ್ತಿವೆ’ ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅರ್ಧ ನಿಜ, ಅರ್ಧಕ್ಕೂ ಕಮ್ಮಿಯೇ ಎನ್ನಿ.

ಸಮುದ್ರ ಎಂದು ಹೆಸರಿದ್ದರೂ ಅದು ಮಧ್ಯ ಏಷ್ಯಾದಲ್ಲಿ ಕಜಕಸ್ತಾನ, ಉಜ್ಬೇಕಿಸ್ತಾನಗಳ ನಡುವಿನ ಉಪ್ಪುನೀರಿನ ಸರೋವರ. ಚೇತರಿಸಿಕೊಂಡಿರುವುದು ಕಜಕಸ್ತಾನದ ಕಡೆಯ ಚಿಕ್ಕ ಉತ್ತರ ಭಾಗ ಮಾತ್ರ. 2005ರಲ್ಲಿ ಕೊಕರಾಲ್ ಅಣೆಕಟ್ಟು ಮುಗಿದ ಮೇಲೆ ಸಿರ್ ದರಿಯಾ ನದಿಯ ನೀರು ಅಲ್ಲೇ ನಿಂತಿತು. ಉಪ್ಪು ಇಳಿಯಿತು, ಮೀನು ಬಂದವು, ಬಲೆ ಹಾಕುವವರೂ ಬಂದರು.

ದಕ್ಷಿಣದ ಕಥೆಯೇ ಬೇರೆ. 1960ರ ದಶಕದಿಂದ ಹತ್ತಿ ಹೊಲಗಳಿಗೆ ತಿರುಗಿಸಿದ ಅಮು ದರಿಯಾ ನದಿ ಅತ್ತ ಸರಿಯಾಗಿ ಮುಟ್ಟುವುದೇ ಇಲ್ಲ. ಒಂದು ಕಾಲಕ್ಕೆ ಬಂದರಾಗಿದ್ದ ಉಜ್ಬೇಕಿಸ್ತಾನದ ಮೊಯ್ನಾಕ್‌ಗೆ ಹೋದವರಿಗೆ ಕಾಣುವುದು ಮರಳಲ್ಲಿ ಕೂತ, ತುಕ್ಕು ಹಿಡಿದ ಹಡಗುಗಳು. ಬೇಸಿಗೆಗೆ ಹೊರಬಂದು ಮಳೆಗಾಲಕ್ಕೆ ಮುಳುಗುವ ನಮ್ಮ ಶೆಟ್ಟಿಹಳ್ಳಿ ಚರ್ಚಿನಂತೆ ಒಂದು ಮುಂಗಾರಿಗೆ ಸರಿಹೋಗುವ ಬಾಬತ್ತಲ್ಲ ಅದು.

ನೀರು ನೋಡಲೆಂದೇ ಹೊರಡುವವರು ಕಜಕಸ್ತಾನದ ಅರಾಲ್ಸ್ಕ್ ಕಡೆಯಿಂದ ಹೋಗಿ. ಅಲ್ಲಿನ ಹಳೇ ಬಂದರಿಗೂ ನೀರು ಇನ್ನೂ ಮರಳಿಲ್ಲ, ದಡ ಮುಟ್ಟಲು ಗಾಡಿ ಬೇಕು.