ಆ ತೂತುಗಳನ್ನು ಅಳಿಸೋದಿಲ್ಲ

ಹೋದ ಭಾನುವಾರ ಹಂಪಿಗೆ ಹೋಗಿದ್ದೆವು. ನಾಲ್ಕು ಜನ, ಐದು ಕ್ಯಾಮೆರಾ. ಕತ್ತಲಲ್ಲೇ ಟಾರ್ಚ್ ಹಿಡಿದು ಮಾತಂಗ ಬೆಟ್ಟ ಹತ್ತಿದರೆ ಮೇಲೆ ಆಗಲೇ ಟ್ರೈಪಾಡುಗಳ ಸಂತೆ. ಎಲ್ಲರಿಗೂ ಬೇಕಿದ್ದದ್ದು ಕೆಳಗಿನ ಅಚ್ಯುತರಾಯ ದೇವಸ್ಥಾನದ ಮೇಲೆ ಬೀಳುವ ಮೊದಲ ಬಿಸಿಲು. ನಾನೂ ತೆಗೆದೆ, ಸುಳ್ಯಾಕೆ ಹೇಳಲಿ. ಮನೆಗೆ ಬಂದು ನೋಡಿದರೆ ಯಾವುದು ನನ್ನದು, ಯಾವುದು ಪಕ್ಕದವನದು ಅಂತ ನನಗೇ ಗೊತ್ತಾಗಲಿಲ್ಲ.

ನನ್ನ ತಕರಾರು ಇಷ್ಟು: ಹಂಪಿಯ ಬಂಡೆಗಳನ್ನು ನಾವು ಫೋಟೋಗೆ ಪರದೆ ಮಾಡಿಕೊಂಡುಬಿಟ್ಟಿದ್ದೇವೆ. ಅಚ್ಯುತರಾಯ ಗುಡಿಗೆ ಹೆಚ್ಚೆಂದರೆ 500 ವರ್ಷ. ಸುತ್ತಲಿನ ಗ್ರಾನೈಟಿಗೆ ಸುಮಾರು 250 ಕೋಟಿ! ವಾಲಿ ಸುಗ್ರೀವರು ಹೊಡೆದಾಡುವಾಗ ಎಸೆದಾಡಿದ ಕಲ್ಲುಗಳು ಅನ್ನೋ ಕಥೆ ನನಗೂ ಇಷ್ಟವೇ. ಆದರೆ ಇವುಗಳಲ್ಲಿ ಬಹುಪಾಲು ಎಲ್ಲಿಂದಲೂ ಬಂದು ಬಿದ್ದವಲ್ಲ. ನೆಲದೊಳಗಿದ್ದಾಗಲೇ ಬಿರುಕುಗಳಿಗೆ ನೀರಿಳಿದು, ಮೂಲೆಗಳು ಮೊದಲು ಶಿಥಿಲವಾಗಿ ಪುಡಿಯಾಗಿ, ಚೌಕ ಕಲ್ಲು ಗುಂಡಾಯಿತು. ಮಣ್ಣು ಕೊಚ್ಚಿಹೋದ ಮೇಲೆ ಉಂಡೆಗಳು ಒಂದರ ಮೇಲೊಂದು ಇದ್ದಲ್ಲೇ ಉಳಿದವು. ಈಗಲೋ ಆಗಲೋ ಬೀಳುತ್ತೆ ಅನ್ನಿಸುವ ಬಂಡೆಯನ್ನು ಯಾರೂ ತಂದು ಅಲ್ಲಿ ಇಟ್ಟಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಏನೂ ಆಗಲಿಲ್ಲ, ಬಿಡಿ. ಸಂಜೆ ವಿಠ್ಠಲ ದೇವಸ್ಥಾನದ ಕಡೆ ಹೊಳೆದಂಡೆಯಲ್ಲಿ ನಡೆಯುವಾಗ ಓರೆ ಬೆಳಕು ಬಂಡೆಯ ಮೈ ಸವರುತ್ತಿತ್ತು. ಆಗ ಕಂಡಿದ್ದು ತೂತುಗಳ ಸಾಲು. ಕಲ್ಲುಕುಟಿಗರು ಬಂಡೆ ಸೀಳಲು ಕೊರೆದವು, ಬೆಣೆ ಬಡಿಯೋಕೆ. ಒಣ ಮರದ ಬೆಣೆಗೆ ನೀರು ಹಾಕಿ ಉಬ್ಬಿಸುತ್ತಿದ್ದರು ಅಂತಲೂ ಹೇಳ್ತಾರೆ. ಸೀಳಿದ ಕಲ್ಲಿನ ಅಂಚು ನೋಡಿದರೆ ಥೇಟ್ ಅಂಚೆಚೀಟಿ.

ತೂತು ಕೊರೆದು ಸೀಳದೆ ಬಿಟ್ಟ ಒಂದು ಬಂಡೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬ ಗೆಳೆಯ, "ಅಣ್ಣಾ, ಸೂಪರ್. ಆ ತೂತು ಎಡಿಟ್ ಮಾಡಿ ತೆಗೆದ್ರೆ ಇನ್ನೂ ನ್ಯಾಚುರಲ್ ಆಗಿ ಕಾಣತ್ತೆ" ಅಂದ. ನ್ಯಾಚುರಲ್ ಅಂತೆ! ಪ್ಲಾಸ್ಟಿಕ್ ಬಾಟಲಿ ಬಿದ್ದಿದ್ದರೆ ಎತ್ತಿ ಬ್ಯಾಗಿಗೆ ಹಾಕಿಕೊಂಡೇ ಕ್ಲಿಕ್ ಮಾಡೋನು ನಾನು. ಪೇಂಟಲ್ಲಿ ಗೀಚಿದ ಪ್ರೇಮಿಗಳ ಹೆಸರು ಕಂಡರೆ ಹೊಟ್ಟೆ ಉರಿಯುತ್ತೆ. ಆದರೆ ಈ ಬಂಡೆ ಸೀಳಿದ್ದಿದ್ದರೆ ಯಾವುದೋ ಮಂಟಪದ ಕಂಬವಾಗಿ ನಿಂತಿರುತ್ತಿತ್ತು, ನಾವು ಅದರ ಮುಂದೆಯೇ ಟ್ರೈಪಾಡ್ ಹೂಡುತ್ತಿದ್ದೆವು.

ಜೂಮ್ ಮಾಡಿ ನೋಡಿ. ಏಳು ತೂತು ಪೂರ್ತಿ ಇವೆ. ಎಂಟನೆಯದಕ್ಕೆ ಉಳಿ ತಾಗಿದೆ ಅಷ್ಟೇ. ಒಳಬಿರುಕು ಕಂಡಿತೋ, 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಸುದ್ದಿ ಬಂತೋ, ಇಲ್ಲಾ ಬುತ್ತಿ ಬಿಚ್ಚುವ ಹೊತ್ತಾಗಿತ್ತೋ.